ಏಜೆಂಟ್ ಸಾಹೇಬರ ಐದನೆಯ ನರ

ಹಲ್ಲುನೋವಿನವರು ಸಾಮಾನ್ಯವಾಗಿ ಕೆನ್ನೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದುಕೊಂಡು ಬರುತ್ತಾರೆ. ಆ ದಿನ ಕೊಪ್ಪದ ನನ್ನ ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತವರ ಕೈ ಕೆನ್ನೆಯ ಹತ್ತಿರವಿತ್ತೇ ಹೊರತು ಕೆನ್ನೆಗೆ ತಾಗಿರಲಿಲ್ಲ. ಬೆರಳಷ್ಟು ಜಾಗ ಬಿಟ್ಟು ಅಡ್ಡ ಹಿಡಿದಿದ್ದರು. ನಾನು ಫ್ಯಾನ್ ಹಾಕಲು ಹೋದಾಗ ಇನ್ನೊಂದು ಕೈ ಎತ್ತಿ ಬೇಡವೆಂದರು. ಮಾತಾಡಲಿಲ್ಲ.

ಮಾತಾಡದೆ ಇದ್ದದ್ದೇ ನನಗೆ ವಿಚಿತ್ರವಾಗಿ ಕಂಡಿತು, ಏಕೆಂದರೆ ಅವರ ಕೆಲಸವೇ ಮಾತು. ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಅವರು ಖಾಸಗಿ ಬಸ್ಸುಗಳ ಏಜೆಂಟ್. ಊರಿಗೆಲ್ಲ ಏಜೆಂಟ್ ಸಾಹೇಬರು. ಬಸ್ಸು ಬಂದು ನಿಂತರೆ ಹರಿಹರಪುರ, ಶೃಂಗೇರಿ, ಬೇಗಾರ್ ಎಂದೋ ಶೆಟ್ಟಿಕೊಪ್ಪ, ಎನ್.ಆರ್.ಪುರ ಎಂದೋ ಕೂಗುವವರು, ಮುದುಕರನ್ನು ಹತ್ತಿಸುವವರು, ಎರಡು ಬಸ್ಸಿನ ಡ್ರೈವರುಗಳ ಟೈಮಿನ ಜಗಳ ಬಿಡಿಸುವವರು ಎಲ್ಲ ಅವರೇ. ನಾನು ನರಸಿಂಹರಾಜಪುರದಲ್ಲಿ ಮನೆ, ಕ್ಲಿನಿಕ್ಕು ಮಾಡಿಕೊಂಡು ವಾರದಲ್ಲಿ ಕೆಲವು ದಿನ ಕೊಪ್ಪಕ್ಕೆ, ಒಂದು ದಿನ ಶೃಂಗೇರಿಗೆ ಹೋಗಿ ಹಲ್ಲು ನೋಡುತ್ತಿದ್ದ ಕಾಲ ಅದು. ಎರಡು ಸಾವಿರದ ದಶಕದ ದ್ವಿತೀಯಾರ್ಧ. ಓಡಾಟವೆಲ್ಲ ಬಸ್ಸಿನಲ್ಲೇ, ಹಾಗಾಗಿ ಅವರ ಗಂಟಲು ನನಗೆ ಅವರ ಮುಖಕ್ಕಿಂತ ಹೆಚ್ಚು ಪರಿಚಿತವಾಗಿತ್ತು.

ಕುರ್ಚಿಯಲ್ಲಿ ಕೂರಿಸಿ ಬಾಗಿದಾಗ ಎದೆಯೊಳಗಿಂದ ಗಡಿಯಾರದಂಥ ಸಣ್ಣ ಸದ್ದು ಕೇಳಿಸಿತು. ಕೇಳಿದ್ದಕ್ಕೆ ಜೊತೆಯಲ್ಲಿ ಬಂದಿದ್ದ ಅವರ ಹೆಂಡತಿ ಹೇಳಿದರು: ಎಷ್ಟೋ ವರ್ಷದ ಹಿಂದೆ ಹೃದಯಕ್ಕೆ ಲೋಹದ ವಾಲ್ವ್ ಹಾಕಿಸಿದ್ದಾರೆ, ಅಂದಿನಿಂದ ರಕ್ತ ತೆಳು ಮಾಡುವ ಮಾತ್ರೆ ತಪ್ಪಿಸಿಲ್ಲ. ಬಲಗಡೆಯ ಕೆಳದವಡೆಯಲ್ಲಿ ನೋವು, ಆರೇಳು ತಿಂಗಳಾಯಿತು. ಬೇರೆ ಊರಲ್ಲಿ ಒಂದು ದವಡೆ ಹಲ್ಲು ಕೀಳಿಸಿದ್ದಾಯಿತು. ರಕ್ತ ನಿಲ್ಲದೆ ಆಸ್ಪತ್ರೆ ಸೇರುವ ಹಾಗಾಯಿತು, ನೋವು ಮಾತ್ರ ಇದ್ದಲ್ಲೇ ಇದೆ. ಈಗ ಅದರ ಪಕ್ಕದ ಹಲ್ಲು ಎನ್ನುತ್ತಿದ್ದಾರೆ.

ಪಕ್ಕದ ಹಲ್ಲನ್ನು ಕನ್ನಡಿಯ ಹಿಡಿಯಿಂದ ತಟ್ಟಿದೆ. ನೋವಿಲ್ಲ. ಐಸಿನ ಚೂರು ಇಟ್ಟೆ. ಎಲ್ಲ ಹಲ್ಲಿಗೂ ಆಗುವಷ್ಟೇ. ಎಕ್ಸ್‌ರೇ ತೆಗೆದು ಫಿಲಂ ತೊಳೆದು ಬೆಳಕಿಗೆ ಹಿಡಿದೆ. ಬೇರು, ಮೂಳೆ ಎಲ್ಲ ಸರಿಯಿದ್ದವು. ಆಮೇಲೆ ಒಂದು ಹತ್ತಿಯ ಎಳೆಯನ್ನು ತೆಗೆದುಕೊಂಡು ಮೂಗಿನ ಹೊಳ್ಳೆಯ ಪಕ್ಕ, ತುಟಿಯ ಮೇಲೆ ಹಗುರಾಗಿ ಸವರಿದೆ. ಸಾಹೇಬರ ಇಡೀ ದೇಹ ಬಿಗಿಯಿತು. ಕಣ್ಣು ಮುಚ್ಚಿಕೊಂಡಿತು, ಬಲಗೆನ್ನೆ ಮೇಲಕ್ಕೆ ಎಳೆಯಿತು, ಕುರ್ಚಿಯ ಕೈಗಳನ್ನು ಹಿಡಿದ ಬೆರಳು ಬೆಳ್ಳಗಾದವು. ಕೆಲವೇ ಸೆಕೆಂಡು. ನಂತರ ಉಸಿರು ಬಿಟ್ಟು ಕಣ್ಣು ತೆರೆದರು, ನೀರು ಸುರಿಯುತ್ತಿತ್ತು.

ಹಲ್ಲು ತಟ್ಟಿದರೆ ಇಲ್ಲದ ನೋವು ಹತ್ತಿಯ ಎಳೆಗೆ ಬಂದಿತ್ತು. ಕಾಲೇಜಿನ ಆಸ್ಪತ್ರೆಯಲ್ಲಿ ಇಂಥದ್ದನ್ನು ನಾನು ನೋಡಿದ್ದೆ, ಮರೆಯುವಂಥದ್ದಲ್ಲ. ಮುಖದ ಸ್ಪರ್ಶವನ್ನೆಲ್ಲ ಮೆದುಳಿಗೆ ಒಯ್ಯುವ ನರ ಒಂದಿದೆ. ತಲೆಬುರುಡೆಯ ನರಗಳ ಎಣಿಕೆಯಲ್ಲಿ ಐದನೆಯದು. ಅದು ಮೆದುಳಿನ ಬುಡದಿಂದ ಹೊರಡುವಲ್ಲಿ ಕೆಲವರಿಗೆ ರಕ್ತನಾಳವೊಂದು ಅದಕ್ಕೆ ಒರಗಿಕೊಂಡು, ಬಡಿದು ಬಡಿದು, ನರದ ಮೇಲ್ಪದರ ಸವೆಯುತ್ತದೆ. ಆಮೇಲೆ ಮುಖ ತೊಳೆದರೂ, ಹಲ್ಲುಜ್ಜಿದರೂ, ತುಟಿ ಅಲುಗಿಸಿದರೂ ಕರೆಂಟು ಹೊಡೆದಂಥ ನೋವು. ಇದನ್ನು ಸರಳ ಮಾಡಿ ಹೇಳಿದಾಗ ಸಾಹೇಬರು ತುಟಿ ಹೆಚ್ಚು ಅಲುಗಿಸದೆ, ಹಲ್ಲಿನ ಸಂದಿಯಿಂದಲೇ ಹೇಳಿದರು: "ವೈರಿಂಗ್ ಶಾರ್ಟ್ ಆದ ಹಾಗೆ."

"ಹಾಗೇ ಸಾಹೇಬ್ರೇ. ಬಲ್ಬ್ ತೆಗೆದ್ರೆ ಸರಿ ಹೋಗಲ್ಲ."

"ಆದ್ರೂ ಇದೊಂದು ಕಿತ್ತು ನೋಡಿ ಮೇಡಂ. ನನ್ನ ಸಮಾಧಾನಕ್ಕೆ."

ಇಲ್ಲವೆಂದೆ. ಆರೋಗ್ಯವಾಗಿರುವ ಹಲ್ಲನ್ನು, ಅದೂ ತೆಳುವಾದ ರಕ್ತ ಇಟ್ಟುಕೊಂಡು ನಾನು ಕೀಳುವುದಿಲ್ಲ ಎಂದೆ. ಅವರಿಗೆ ಸಿಟ್ಟು ಬಂತು, ಆದರೆ ಸಿಟ್ಟು ತೋರಿಸಿದರೂ ನೋವಾಗುತ್ತದೆಂದು ಸುಮ್ಮನಾದರು. ಶಿವಮೊಗ್ಗದ ನರರೋಗ ತಜ್ಞರೊಬ್ಬರಿಗೆ ಫೋನು ಮಾಡಿ ಕಳಿಸಿಕೊಟ್ಟೆ.

ಅಲ್ಲಿ ಈ ನೋವಿಗೆ ಮೊದಲು ಕೊಡುವ, ಮೂರ್ಛೆರೋಗಕ್ಕೂ ಬಳಸುವ ಮಾತ್ರೆ ಶುರು ಮಾಡಿದರು. ವಾರ ಕಳೆಯುವುದರೊಳಗೆ ಸಾಹೇಬರು ಕ್ಲಿನಿಕ್ಕಿಗೆ ಬಂದು ಒಂದು ಕಟ್ಟು ಬಾಳೆಹಣ್ಣು ಇಟ್ಟು, ತುಂಬ ಹೊತ್ತು ಮಾತಾಡಿ ಹೋದರು. ಕೆಲಸ ಮುಗಿಯಿತೆಂದುಕೊಂಡೆ. ಅಸಲಿ ಕಷ್ಟ ಅಲ್ಲಿಂದ ಶುರುವಾಯಿತು.

ಆ ಮಾತ್ರೆಗೂ ರಕ್ತ ತೆಳು ಮಾಡುವ ಮಾತ್ರೆಗೂ ಒಂದಕ್ಕೊಂದು ಆಗದು. ನೋವಿನ ಮಾತ್ರೆ ಒಳಗೆ ಹೋದರೆ ಪಿತ್ತಜನಕಾಂಗ ಇನ್ನೊಂದು ಮಾತ್ರೆಯನ್ನು ಬೇಗ ಬೇಗ ಕರಗಿಸಿ ಹಾಕುತ್ತದೆ. ರಕ್ತ ಮತ್ತೆ ದಪ್ಪವಾಗುತ್ತದೆ, ಲೋಹದ ವಾಲ್ವಿನ ಮೇಲೆ ಹೆಪ್ಪುಗಟ್ಟುವ ಅಪಾಯ. ಇದು ತಜ್ಞರಿಗೆ ಗೊತ್ತಿಲ್ಲದ್ದಲ್ಲ. ಮೇಲಿಂದ ಮೇಲೆ ರಕ್ತಪರೀಕ್ಷೆ ಮಾಡಿಸಿ, ಅದರ ಪ್ರಕಾರ ತೆಳು ಮಾಡುವ ಮಾತ್ರೆಯ ಪ್ರಮಾಣ ಏರಿಸುತ್ತ ಹೋಗಬೇಕೆಂದು ಹೇಳಿಯೇ ಕೊಟ್ಟಿದ್ದರು. ಆಗ ಆ ಪರೀಕ್ಷೆ ಕೊಪ್ಪದಲ್ಲಿ ಆಗುತ್ತಿರಲಿಲ್ಲ. ಪ್ರತಿ ಸಲ ಶಿವಮೊಗ್ಗದ ಬಸ್ಸು ಹತ್ತಬೇಕು. ಸಾಹೇಬರು ಹೋದರು, ಹೇಳಿದಷ್ಟು ಸಲವೂ ಹೋದರು. ನಡುವೆ ನೋವು ಮಾತ್ರೆಯನ್ನು ದಾಟಿ ಮೇಲೆ ಬಂತು, ನೋವಿನ ಮಾತ್ರೆ ಏರಿತು, ಅದು ಏರಿದ್ದಕ್ಕೆ ತೆಳು ಮಾಡುವುದನ್ನೂ ಏರಿಸಬೇಕಾಯಿತು. ನೋವಿನ ಮಾತ್ರೆಯ ಅಮಲಿಗೆ ತಲೆ ತೂಗಲು ಶುರುವಾಯಿತು. ಒಂದು ಬಸ್ಸು ಎರಡಾಗಿ ಕಾಣುತ್ತದೆ ಎಂದರು. ಹಿಂದಕ್ಕೆ ಬರುತ್ತಿದ್ದ ಬಸ್ಸಿನ ಎದುರು ತೂರಾಡಿ ನಿಂತದ್ದನ್ನು ನೋಡಿ ಕಂಡಕ್ಟರೊಬ್ಬ ಎಳೆದುಕೊಂಡನಂತೆ.

ಒಂದು ಬೆಳಿಗ್ಗೆ ಚಹಾದ ಲೋಟ ಅವರ ಬಲಗೈಯಿಂದ ಜಾರಿತು. ಏನೋ ಹೇಳಲು ಹೋದರು, ಮಾತು ಕಲಸಿಹೋಯಿತು. ಮನೆಯವರು ಜೀಪು ಮಾಡಿಕೊಂಡು ಶಿವಮೊಗ್ಗಕ್ಕೆ ಒಯ್ದರು. ದಾರಿಯಲ್ಲೇ ಕೈಗೆ ಬಲ ಬಂದಿತ್ತು, ಮಧ್ಯಾಹ್ನದ ಹೊತ್ತಿಗೆ ಮಾತೂ ತಿರುಗಿತು. ವಾಲ್ವಿನಿಂದ ಹೋದ ಒಂದು ಸಣ್ಣ ಹೆಪ್ಪು ಮೆದುಳಿನಲ್ಲಿ ಸಿಕ್ಕಿ ಮತ್ತೆ ಕರಗಿದೆ, ಮುಂದಿನ ಸಲ ಕರಗದೇ ಇರಬಹುದು ಎಂದರು ಹೃದಯದ ಡಾಕ್ಟರು. ನೋವಿನ ಆ ಮಾತ್ರೆ ಅಂದಿಗೆ ನಿಂತಿತು. ಬದಲಿಗೆ ಕೊಟ್ಟದ್ದು ಹೃದಯಕ್ಕೆ ಸುರಕ್ಷಿತವಾಗಿತ್ತು, ನೋವಿಗೆ ಅಷ್ಟಕ್ಕಷ್ಟೆ.

ಕೆಲವು ವಾರಗಳ ನಂತರ ಅವರ ಮನೆಗೆ ಹೋದಾಗ ಒಸಡಿನಿಂದ ತಾನಾಗಿ ರಕ್ತ ಜಿನುಗುತ್ತಿರುವುದನ್ನು ಕಂಡೆ. ನೋವಿನ ಹಳೆಯ ಮಾತ್ರೆ ನಿಂತ ಮೇಲೆ ತೆಳು ಮಾಡುವ ಮಾತ್ರೆಯ ಬಲ ನಿಧಾನವಾಗಿ ಜಾಸ್ತಿಯಾಗುತ್ತ ಬಂದಿತ್ತು. ಪ್ರಮಾಣ ಇಳಿಸಿದ್ದರು, ಅದು ಸಾಲದಾಗಿತ್ತು. ಅದೇ ದಿನ ಪರೀಕ್ಷೆಗೆ ಕಳಿಸಿ ಮತ್ತೆ ಇಳಿಸಿಕೊಂಡದ್ದಾಯಿತು. ಈ ಮನುಷ್ಯನನ್ನು ಮಾತ್ರೆಯ ಮೇಲೆ ನಡೆಸುವುದೆಂದರೆ ಎರಡೂ ಕಡೆ ಪ್ರಪಾತವಿರುವ ದಾರಿಯಲ್ಲಿ ನಡೆಸಿದಂತೆ ಎಂದು ನನಗೆ ಅವತ್ತು ಮನದಟ್ಟಾಯಿತು.

ನೋವು ಪೂರ್ತಿಯಾಗಿ ವಾಪಸಾಗಿತ್ತು. ಮಾತು ನಿಲ್ಲಿಸಿದ್ದರು. ಗಡ್ಡ ಎಡಗಡೆ ಮಾತ್ರ ಟ್ರಿಮ್ ಆಗಿರುತ್ತಿತ್ತು. ಹೆಂಡತಿ ತೆಳು ಗಂಜಿಯನ್ನು ಚಮಚದಲ್ಲಿ ಬಾಯಿಯ ಎಡಮೂಲೆಗೆ ಹಾಕಬೇಕು, ಅವರು ನುಂಗಬೇಕು, ಆಮೇಲೆ ಇಬ್ಬರೂ ಕಾಯಬೇಕು, ನೋವು ಬರುತ್ತದೋ ಇಲ್ಲವೋ ಎಂದು. ಬೆಲ್ಟು ಹೊಸ ತೂತು ಹಾಕಿಸಿಕೊಳ್ಳುವಷ್ಟು ಸಣ್ಣಗಾಗಿದ್ದರು. ನಮಾಜಿಗೆ ಮುಂಚೆ ಮುಖ ತೊಳೆಯಲಾಗದೆ, ನೀರು ಮುಟ್ಟಲಾಗದ ಕಾಯಿಲೆಯವರಿಗೆ ಇರುವ ಅವಕಾಶದಂತೆ ಒಣ ಮಣ್ಣು ಮುಟ್ಟಿ ಸವರಿಕೊಳ್ಳುತ್ತಿದ್ದರು, ಅದೂ ಎಡಗಡೆ ಧೈರ್ಯವಾಗಿ, ಬಲಗಡೆ ಗಾಳಿಯಲ್ಲಿ. ನನ್ನನ್ನು ಬಾಗಿಲವರೆಗೆ ಕಳಿಸಲು ಬಂದ ಅವರ ಹೆಂಡತಿ ಮೆಲ್ಲಗೆ ಹೇಳಿದರು: "ಬಾವಿ ಕಡೆ ಹೋದ್ರೆ ನಾನು ಹಿಂದೇ ಹೋಗ್ತೀನಿ ಡಾಕ್ಟ್ರಮ್ಮ. ಎಂತ ಹೇಳಿಲ್ಲ ಅವ್ರು. ಆದ್ರೂ ಹೋಗ್ತೀನಿ."

ತಜ್ಞರಿಗೆ ಆ ಮಾತನ್ನು ಅಂದೇ ತಿಳಿಸಿದೆ. ಅವರು ಬೆಂಗಳೂರಿನ ಮೆದುಳಿನ ಸರ್ಜನ್ ಒಬ್ಬರ ಬಳಿ ಸಮಯ ಕೊಡಿಸಿದರು. ಸರ್ಜನ್ ನೋಡಿ, ತಲೆಬುರುಡೆ ತೆರೆದು ನರ ಮತ್ತು ರಕ್ತನಾಳದ ನಡುವೆ ಸಣ್ಣ ಮೆತ್ತೆ ಇಡುವ ಆಪರೇಷನ್ ಎಲ್ಲಕ್ಕಿಂತ ಒಳ್ಳೆಯದು ಎಂದರಂತೆ. ಆದರೆ ಅದಕ್ಕೆ ರಕ್ತ ತೆಳು ಮಾಡುವುದನ್ನು ನಿಲ್ಲಿಸಬೇಕು. ಕೆನ್ನೆಯ ಮೂಲಕ ಸೂಜಿ ಹಾಕಿ ನರವನ್ನು ಸುಡುವ ವಿಧಾನಕ್ಕೂ ನಿಲ್ಲಿಸಬೇಕು. ಒಮ್ಮೆ ಹೆಪ್ಪು ಹೊರಟ ವಾಲ್ವ್ ಇಟ್ಟುಕೊಂಡು ನಿಲ್ಲಿಸುವ ಧೈರ್ಯ ಹೃದಯದ ಡಾಕ್ಟರಿಗೆ ಇರಲಿಲ್ಲ. ಉಳಿದದ್ದು ರೇಡಿಯೋ ಸರ್ಜರಿ. ಕತ್ತರಿಯಿಲ್ಲ, ರಕ್ತವಿಲ್ಲ. ಸಣ್ಣ ಸಣ್ಣ ಕಿರಣಗಳನ್ನು ತಲೆಯ ಸುತ್ತಲಿಂದ ಹಾಯಿಸಿ, ಅವೆಲ್ಲ ಒಂದೇ ಬಿಂದುವಿನಲ್ಲಿ ಕೂಡುವಂತೆ ಮಾಡುತ್ತಾರೆ. ಒಂದೊಂದು ಕಿರಣವೂ ದುರ್ಬಲ, ಹಾದುಹೋಗುವ ದಾರಿಯಲ್ಲಿ ಏನೂ ಮಾಡದು. ಕೂಡಿದ ಬಿಂದುವಿನಲ್ಲಿ ಮಾತ್ರ ನರ ಪೆಟ್ಟು ತಿನ್ನುತ್ತದೆ, ನೋವಿನ ಸುದ್ದಿ ಒಯ್ಯುವುದನ್ನು ಬಿಡುತ್ತದೆ.

ನನಗೆ ಇದರ ಹೆಸರು ಗೊತ್ತಿತ್ತು, ಒಳಗು ಗೊತ್ತಿರಲಿಲ್ಲ. ಕೊಪ್ಪದ ಸೈಬರ್ ಸೆಂಟರಿನಲ್ಲಿ ಕೂತು, ಒಂದು ಪುಟ ತೆರೆದುಕೊಳ್ಳುವಷ್ಟರಲ್ಲಿ ಇನ್ನೊಂದು ಕೆಲಸ ಮುಗಿಯುವ ವೇಗದಲ್ಲಿ, ಸಿಕ್ಕಿದ್ದನ್ನೆಲ್ಲ ಓದಿದೆ. ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಆಗಿದ್ದವಳು ಭೌತಶಾಸ್ತ್ರ ಓದಿ, ಆ ಸರ್ಜನ್ ಇದ್ದ ಆಸ್ಪತ್ರೆಯದೇ ರೇಡಿಯೋ ಸರ್ಜರಿ ವಿಭಾಗದಲ್ಲಿ ಕಿರಣದ ಲೆಕ್ಕ ಹಾಕುವ ಕೆಲಸದಲ್ಲಿದ್ದಳು. ಅವಳಿಗೆ ಫೋನು ಮಾಡಿ ಬಿಡಿಸಿ ಬಿಡಿಸಿ ಕೇಳಿದೆ. ಅವಳು ಏನನ್ನೂ ಸಿಹಿ ಮಾಡಿ ಹೇಳಲಿಲ್ಲ. ಎಲ್ಲರಿಗೂ ಗುಣವಾಗುವುದಿಲ್ಲ. ಆದವರಿಗೂ ತಕ್ಷಣ ಅಲ್ಲ, ವಾರಗಳು, ಕೆಲವರಿಗೆ ತಿಂಗಳುಗಳು. ಮುಖದ ಒಂದು ಭಾಗ ಮರಗಟ್ಟಬಹುದು. ಕೆಲವರಿಗೆ ವರ್ಷಗಳ ಮೇಲೆ ನೋವು ತಿರುಗಿ ಬರುವುದೂ ಉಂಟು.

ಸಾಹೇಬರ ಮನೆಯಲ್ಲಿ ಬೇರೆಯೇ ಗಾಳಿ ಎದ್ದಿತ್ತು. ಅವರ ಹೆಂಡತಿಯ ಅಣ್ಣ ಶಿವಮೊಗ್ಗದಲ್ಲಿ ಟೈರಿನ ವ್ಯಾಪಾರಿ, ತಂಗಿಯ ಸಂಸಾರಕ್ಕೆ ಕಷ್ಟ ಬಂದಾಗೆಲ್ಲ ಓಡಿ ಬಂದವರು. ರೇಡಿಯೇಷನ್ ಎಂದರೆ ಕ್ಯಾನ್ಸರಿಗೆ ಕೊಡುವುದು, ಇಲ್ಲದ ರೋಗವನ್ನು ತಂದುಕೊಳ್ಳುವುದು ಬೇಡ ಎನ್ನುವುದು ಅವರ ವಾದ. ಬಲಗಡೆಯ ಹಲ್ಲುಗಳನ್ನೆಲ್ಲ ಒಟ್ಟಿಗೆ ತೆಗೆಯಲು ಒಪ್ಪುವ ಒಬ್ಬರನ್ನು ದೂರದ ಊರಲ್ಲಿ ಹುಡುಕಿ, ದಿನವನ್ನೂ ಗೊತ್ತು ಮಾಡಿದ್ದರು. ವಾಲ್ವಿನ ವಿಷಯ ಅಲ್ಲಿ ಹೇಳಿದ್ದಾರೋ ಇಲ್ಲವೋ ತಿಳಿಯದು.

ಆ ಸುದ್ದಿ ಹೇಳಲು ಸಾಹೇಬರ ಹೆಂಡತಿ ಒಬ್ಬರೇ ನನ್ನ ಕ್ಲಿನಿಕ್ಕಿಗೆ ಬಂದರು. ಅಣ್ಣನಿಗೆ ಎದುರು ಹೇಳಿ ಅಭ್ಯಾಸವಿಲ್ಲ ಎಂದರು. ಬುರ್ಖಾದ ಅಂಚನ್ನು ಮಡಚುತ್ತ ಕೇಳಿದರು:

"ನಿಮ್ಮ ಅಪ್ಪಯ್ಯಂಗೆ ಹೀಗಾಗಿದ್ರೆ ಎಂತ ಮಾಡ್ತಿದ್ರಿ?"

"ಬೆಂಗಳೂರಿಗೆ ಕರ್ಕೊಂಡು ಹೋಗ್ತಿದ್ದೆ. ಗುಣ ಆಗೇ ಆಗ್ತದೆ ಅಂತಲ್ಲ ಅಮ್ಮ. ಆಗದೇ ಇದ್ರೂ ಹಾಳಾಗೋದು ಕಮ್ಮಿ ಅಂತ."

"ನೀವೂ ಬರ್ತೀರಾ ಜೊತೆಗೆ?"

ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಮೂರು ಊರಿನ ಕ್ಲಿನಿಕ್ಕು ಮುಚ್ಚಿ, ನನ್ನದಲ್ಲದ ಚಿಕಿತ್ಸೆಗೆ ಹೋಗಿ ನಿಲ್ಲುವುದು ಹಲ್ಲಿನ ಡಾಕ್ಟರಿಗೆ ಯಾಕೆ ಬೇಕು ಎಂದು ಒಂದು ಕ್ಷಣ ಅನ್ನಿಸಿತು. ಬರುತ್ತೇನೆ ಎಂದೆ. ಸಂಜೆ ಇಬ್ಬರೂ ಅವರ ಮನೆಗೆ ಹೋದೆವು. ಅಣ್ಣನವರೂ ಇದ್ದರು. ರೂಮ್‌ಮೇಟ್ ಹೇಳಿದ್ದನ್ನೆಲ್ಲ, ಮರಗಟ್ಟುವ ಮಾತನ್ನೂ, ತಡವಾಗುವ ಮಾತನ್ನೂ ಬಿಡದೆ ಸಾಹೇಬರಿಗೆ ಹೇಳಿದೆ. ಅಣ್ಣನವರು ತಮ್ಮ ವಾದ ಹೇಳಿದರು, ಅದರಲ್ಲಿ ಪ್ರೀತಿಯಿಲ್ಲ ಎನ್ನುವಂತಿರಲಿಲ್ಲ. ಸಾಹೇಬರು ಕಣ್ಣು ಮುಚ್ಚಿ ಕೂತು ಎಲ್ಲ ಕೇಳಿಸಿಕೊಂಡರು. ಮಾತಾಡಿದರೆ ಏನಾಗುತ್ತದೆಂದು ಗೊತ್ತಿದ್ದೇ ಬಾಯಿ ತೆರೆದರು:

"ಹಲ್ಲು ಹೋದ್ರೆ ವಾಪಸ್ ಬರಲ್ಲ ಬಾವ. ಬೆಂಗಳೂರಿಗೇ ಹೋಗಾಣ."

ಅಷ್ಟಕ್ಕೇ ನೋವು ಹೊಡೆಯಿತು. ನಾವೆಲ್ಲ ಅದು ಹೋಗುವವರೆಗೆ ನೆಲ ನೋಡುತ್ತ ಕೂತೆವು. ಅಣ್ಣನವರು ಮತ್ತೆ ವಾದ ಮಾಡಲಿಲ್ಲ.

ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದು ವಾಲ್ವಿನ ಕಾರ್ಡನ್ನು. ಎಂಆರ್‌ಐ ಯಂತ್ರದ ಆಯಸ್ಕಾಂತವನ್ನು ಆ ಲೋಹ ತಡೆದುಕೊಳ್ಳುತ್ತದೆಯೇ ಎಂದು ನೋಡಲು. ತಡೆದುಕೊಳ್ಳುವಂಥದ್ದೇ. ರಕ್ತದ ಮಟ್ಟವೂ ಸರಿಯಾಗಿತ್ತು, ಮಾತ್ರೆ ನಿಲ್ಲಿಸುವ ಅಗತ್ಯವಿರಲಿಲ್ಲ. ಬೆಳಿಗ್ಗೆ ತಲೆಗೆ ಚೌಕಟ್ಟು ಕೂರಿಸುವ ಕೆಲಸ. ಹಗುರ ಲೋಹದ ಚೌಕ. ಹಣೆಯ ಎರಡು ಕಡೆ, ಹಿಂದೆ ಎರಡು ಕಡೆ ಸ್ಕ್ರೂ ಹಾಕಿ ಬುರುಡೆಗೆ ಬಿಗಿಯುತ್ತಾರೆ. ತಲೆ ಕೂದಲೆಳೆಯಷ್ಟೂ ಅಲುಗಬಾರದು, ಜೊತೆಗೆ ಎಲ್ಲ ಅಳತೆಯೂ ಆ ಚೌಕಟ್ಟಿನಿಂದಲೇ. ಎಚ್ಚರದಲ್ಲಿಟ್ಟೇ ಮಾಡುತ್ತಾರೆ, ಚುಚ್ಚುವ ಜಾಗ ಮಾತ್ರ ಮರಗಟ್ಟಿಸಿ. ದಿನವೂ ಜನರಿಗೆ ಅಂಥದೇ ಇಂಜೆಕ್ಷನ್ ಕೊಡುವವಳಾದ ನನಗೆ ಅವತ್ತು ಅದನ್ನು ನೋಡುತ್ತ ನಿಲ್ಲುವುದು ಕಷ್ಟವಾಯಿತು. ಬಲಹಣೆಗೆ ಸೂಜಿ ತಾಗುತ್ತಲೇ ಸಾಹೇಬರಿಗೆ ನೋವು ಎದ್ದಿತು, ಒಂದರ ಹಿಂದೆ ಒಂದು. ಚೌಕಟ್ಟು ಅರ್ಧ ಕೂತಿದೆ, ಬಿಡುವಂತಿಲ್ಲ, ಬಿಗಿಯುವಂತಿಲ್ಲ. ಸರ್ಜನ್ ಕೈ ತೆಗೆಯದೆ ಹಾಗೇ ಹಿಡಿದು ನಿಂತರು. ಅಲೆ ಇಳಿದ ಮೇಲೆ ಸಾಹೇಬರು ಹೆಬ್ಬೆರಳೆತ್ತಿ ಮುಂದುವರಿಸಿ ಎಂದು ಸನ್ನೆ ಮಾಡಿದರು.

ಎಂಆರ್‌ಐ ಮುಗಿದ ಮೇಲೆ ಅವರನ್ನು ಚೌಕಟ್ಟಿನೊಂದಿಗೇ ಮಂಚದಲ್ಲಿ ಕೂರಿಸಿ, ಸರ್ಜನ್, ವಿಕಿರಣ ವೈದ್ಯರು ಮತ್ತು ನನ್ನ ರೂಮ್‌ಮೇಟ್ ಕಂಪ್ಯೂಟರಿನ ಮುಂದೆ ಕೂತರು. ನನಗೂ ಹಿಂದೆ ಒಂದು ಸ್ಟೂಲು ಸಿಕ್ಕಿತು. ತೆಳು ತೆಳು ಪದರಗಳಲ್ಲಿ ತಲೆಯೊಳಗಿನ ಚಿತ್ರ. ಅವಳು ಮೌಸಿನಿಂದ ಪದರ ಸರಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿದಳು. ಮೆದುಳಿನ ಬುಡದಿಂದ ಹೊರಬಿದ್ದ ಮಸುಕು ದಾರದಂಥ ನರ, ಅದರ ಮೇಲೆ ಬಾಗಿ ಕೂತ ರಕ್ತನಾಳ. ಒಂದು ವರ್ಷದಿಂದ ನಾನು ಮಾತಿನಲ್ಲಿ ವಿವರಿಸುತ್ತಿದ್ದದ್ದು ಕಣ್ಣೆದುರು ಇತ್ತು. ಕಾಳುಮೆಣಸಿನಷ್ಟು ದೊಡ್ಡದೊಂದು ವೃತ್ತವನ್ನು ಅವಳು ನರದ ಮೇಲೆ ತಂದಿಟ್ಟಳು. ಕಿರಣಗಳು ಕೂಡಬೇಕಾದದ್ದು ಅಲ್ಲಿ. ಇನ್ನೂ ಬುಡದ ಕಡೆಗೆ ಇಟ್ಟರೆ ನೋವು ಹೋಗುವ ಸಾಧ್ಯತೆ ಜಾಸ್ತಿ ಎಂದು ಒಂದು ಅಭಿಪ್ರಾಯ, ಬುಡಕ್ಕೆ ಹತ್ತಿರವಾದಷ್ಟೂ ಮುಖ ಮರಗಟ್ಟುವುದು ಜಾಸ್ತಿ ಎಂದು ಇನ್ನೊಂದು. ವೃತ್ತ ಈಚೆ ಸರಿಯಿತು, ಆಚೆ ಸರಿಯಿತು. ಕೊನೆಗೆ ಸರ್ಜನ್ ಕೇಳಿದರು, ಇವರು ಏನು ಕೆಲಸ ಮಾಡುವುದು ಎಂದು. ನಾನು ಹೇಳಿದೆ, ಬಸ್ ಸ್ಟ್ಯಾಂಡಿನಲ್ಲಿ ಕೂಗುವ ಕೆಲಸ, ತುಟಿ ನಾಲಿಗೆ ಸರಿಯಿರಬೇಕು ಎಂದು. ವೃತ್ತವನ್ನು ಕೂದಲೆಳೆಯಷ್ಟು ಹೊರಗೆ ಸರಿಸಿ ಅಲ್ಲಿಗೆ ನಿಲ್ಲಿಸಿದರು.

ಚಿಕಿತ್ಸೆಯಲ್ಲಿ ನೋಡಲು ಏನೂ ಇರಲಿಲ್ಲ. ಸಾಹೇಬರನ್ನು ಮಂಚದ ಮೇಲೆ ಮಲಗಿಸಿ ಚೌಕಟ್ಟನ್ನು ಯಂತ್ರಕ್ಕೆ ಸಿಕ್ಕಿಸಿದರು, ಎಲ್ಲರೂ ಹೊರಗೆ ಬಂದರು, ದಪ್ಪ ಬಾಗಿಲು ಮುಚ್ಚಿತು, ಮಂಚ ಒಳಗೆ ಸರಿಯಿತು. ಸದ್ದಿಲ್ಲ, ಬೆಳಕಿಲ್ಲ. ಟಿವಿ ಪರದೆಯಲ್ಲಿ ಅವರ ಕೈ ಕಾಣುತ್ತಿತ್ತು. ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಒಂದೊಂದಾಗಿ ಚಲಿಸುತ್ತಿತ್ತು. ಮೊದಲು ನಡುಕವೆಂದುಕೊಂಡೆ. ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿ, ದೇವರ ಹೆಸರು ಎಣಿಸುತ್ತಿದ್ದಾರೆ ಎಂದರು. ತುಟಿ ಅಲುಗಿಸದೆ ಎಣಿಸುವುದನ್ನು ಈ ಕಾಯಿಲೆಯೇ ಕಲಿಸಿತ್ತು.

ಒಂದು ಸಿನಿಮಾದ ಅರ್ಧ ಮುಗಿಯುವಷ್ಟು ಹೊತ್ತಿನಲ್ಲಿ ಎಲ್ಲ ಆಯಿತು. ಚೌಕಟ್ಟು ಬಿಚ್ಚಿ ಹಣೆಗೆ ಎರಡು ಪಟ್ಟಿ ಅಂಟಿಸಿದರು. ಸಂಜೆ ಚಹಾ ಕುಡಿಯುವಾಗ ನೋವು ಹೊಡೆಯಿತು, ಎಂದಿನಂತೆಯೇ. ಮರುದಿನ ಬೆಳಗಿನ ರೈಲಿಗೆ ಶಿವಮೊಗ್ಗಕ್ಕೆ ಹೊರಟೆವು. ಕಿಟಕಿ ಮುಚ್ಚಿಸಿ, ಮುಖಕ್ಕೆ ಟವೆಲು ಮರೆ ಮಾಡಿಕೊಂಡು ಸಾಹೇಬರು ದಾರಿಯುದ್ದಕ್ಕೂ ಕೂತಿದ್ದರು.

ಆಮೇಲಿನದು ಕಾಯುವ ಕೆಲಸ. ನನ್ನ ವೃತ್ತಿಯಲ್ಲಿ ಅದಿಲ್ಲ. ನಾನು ಹಲ್ಲು ಕೊರೆದು ತುಂಬಿದರೆ ಅವತ್ತೇ ಗೊತ್ತಾಗುತ್ತದೆ. ಇಲ್ಲಿ ಮೊದಲ ವಾರ ಏನೂ ಇಲ್ಲ, ಎರಡನೆಯ ವಾರವೂ ಇಲ್ಲ. ಮೂರನೆಯ ವಾರ ನೋವು ಮೊದಲಿಗಿಂತ ಜೋರಾಯಿತು. ಕೊಪ್ಪಕ್ಕೆ ಹೋದಾಗೆಲ್ಲ ಅವರ ಮನೆ ಕಡೆ ಹೋಗಿ ಬರುತ್ತಿದ್ದೆ, ಹೆಂಡತಿಯ ಮುಖ ನೋಡಿದರೆ ಕೇಳುವುದು ಉಳಿಯುತ್ತಿರಲಿಲ್ಲ. ರೂಮ್‌ಮೇಟ್‌ಗೆ ಫೋನು ಮಾಡಿದರೆ ಅವಳು ಒಂದೇ ಮಾತು ಹೇಳುತ್ತಿದ್ದಳು: ಕಾಯಿರಿ, ಮಾತ್ರೆ ನಿಲ್ಲಿಸಬೇಡಿ.

ಸಾಹೇಬರ ಬಾವ ಒಂದು ದಿನ ನರಸಿಂಹರಾಜಪುರದ ಕ್ಲಿನಿಕ್ಕಿಗೇ ಬಂದರು. ಜಗಳಕ್ಕೆ ಬಂದವರಲ್ಲ. ರೋಗಿಗಳೆಲ್ಲ ಹೋಗುವವರೆಗೆ ಬೆಂಚಿನಲ್ಲಿ ಕೂತು, ಒಳಗೆ ಬಂದು ಹೇಳಿದರು, ಅವರು ಬೇಡಿಕೊಳ್ಳುತ್ತಿದ್ದಾರೆ ಮೇಡಂ, ಹಲ್ಲು ತೆಗೆಸು ಅಂತ ಈಗ ಅವರೇ ಬೇಡಿಕೊಳ್ಳುತ್ತಿದ್ದಾರೆ. ನಾನು ಏನು ಮಾಡಲಿ ಎಂದು ಕೇಳಿದರು. ನರ ಸಾಯಲು ಹೊತ್ತು ಹಿಡಿಯುತ್ತದೆ ಎಂದು ಓದಿದ್ದನ್ನೇ ಮತ್ತೆ ಹೇಳಿದೆ. ಇನ್ನೊಂದು ತಿಂಗಳು ಕೊಡಿ ಎಂದೆ. ಅವರು ಎದ್ದು, "ನೀವು ಜೊತೆಗೆ ಹೋಗಿದ್ದಕ್ಕೆ ಕೊಡ್ತೀನಿ" ಎಂದು ಹೊರಟರು. ಆ ತಿಂಗಳೂ ಹೀಗೇ ಹೋದರೆ ಅವರ ಮುಂದೆ ಇಡಲು ನನ್ನ ಬಳಿ ಏನೂ ಉಳಿಯುತ್ತಿರಲಿಲ್ಲ.

ಫೋನು ಬಂದದ್ದು ಶೃಂಗೇರಿಯಲ್ಲಿ, ಒಬ್ಬರ ಬಾಯಿಯಲ್ಲಿ ಹಲ್ಲಿನ ಅಚ್ಚು ತೆಗೆಯುವ ಪೇಸ್ಟ್ ಇಟ್ಟು ಅದು ಗಟ್ಟಿಯಾಗಲೆಂದು ಕಾಯುತ್ತಿದ್ದಾಗ. ಸಾಹೇಬರ ಹೆಂಡತಿ. ದನಿಯಲ್ಲಿ ಹೆದರಿಕೆ ಇತ್ತೋ ಏನೋ, ಮೊದಲು ಕೆಟ್ಟದ್ದೇ ಅಂದುಕೊಂಡೆ.

"ಎಂತದೋ ಗೊತ್ತಿಲ್ಲ ಡಾಕ್ಟ್ರಮ್ಮ. ನಿನ್ನೆಯಿಂದ ಒಂದ್ಸಲವೂ ಬಂದಿಲ್ಲ. ಕೇಳಿದ್ರೆ ಎಲ್ಲಿ ಬಂದುಬಿಡ್ತದೋ ಅಂತ ನಾನೂ ಕೇಳಿಲ್ಲ, ಅವ್ರೂ ಹೇಳಿಲ್ಲ. ಬೆಳಿಗ್ಗೆ ರೊಟ್ಟಿ ತಿಂದ್ರು. ಬಲಗಡೆ ಅಗೀತಾ ಇದ್ರು, ಅವ್ರಿಗೇ ಗೊತ್ತಿಲ್ಲದ ಹಾಗೆ."

ನನ್ನ ಕಣ್ಣು ತುಂಬಿದ್ದನ್ನು ಬಾಯಲ್ಲಿ ಪೇಸ್ಟ್ ಇಟ್ಟುಕೊಂಡಿದ್ದ ರೋಗಿ ನೋಡಿದರು. ಏನೂ ಕೇಳುವ ಸ್ಥಿತಿಯಲ್ಲಿ ಅವರು ಇರಲಿಲ್ಲ.

ಅದು ಒಂದೇ ಸಲಕ್ಕೆ ಮುಗಿಯಲಿಲ್ಲ. ಎರಡು ದಿನ ಬಿಟ್ಟು ನೋವು ಬಂತು, ಆದರೆ ಕೆಳದನಿಯಲ್ಲಿ. ಮತ್ತೆ ಕೆಲವು ದಿನ ಇಲ್ಲ. ಹೀಗೆ ಬಿಡುವು ದೊಡ್ಡದಾಗುತ್ತ, ನೋವು ಸಣ್ಣದಾಗುತ್ತ ಬಂತು. ಒಂದು ದಿನ ತುಟಿಯ ಮೂಲೆಯಲ್ಲಿ ಇರುವೆ ಹರಿದ ಹಾಗೆ ಆಗುತ್ತಿದೆಯೆಂದು ಸಾಹೇಬರು ಗಾಬರಿಯಾಗಿ ಬಂದರು. ಅದೇ ಹತ್ತಿಯ ಎಳೆಯಿಂದ ಸವರಿ ನೋಡಿದೆ. ಎಡಗಡೆ ಚೆನ್ನಾಗಿ ತಿಳಿಯಿತು, ಬಲಗಡೆ ತುಟಿಯ ಬಳಿ ಸ್ವಲ್ಪ ಮಂದ. ಅಷ್ಟು ಮಂದ ಅವರಿಗೆ ಖಾಯಂ ಆಗಿ ಉಳಿಯಿತು. ಊಟ ಮಾಡುವಾಗ ಮೂಲೆಯಲ್ಲಿ ಅನ್ನದ ಅಗುಳು ಅಂಟಿದರೆ ಗೊತ್ತಾಗುವುದಿಲ್ಲ, ಹೆಂಡತಿ ಹೇಳಬೇಕು. ಅದು ಅವರಿಬ್ಬರಿಗೂ ಒಪ್ಪಿಗೆಯಾಗಿತ್ತು. ಮಾತ್ರೆಗಳನ್ನು ತಜ್ಞರು ನಿಧಾನವಾಗಿ ಇಳಿಸಿದರು, ರಕ್ತದ ಮಟ್ಟ ಒಂದು ಹದಕ್ಕೆ ನಿಂತಿತು. ಬಸ್ಸಿನ ಮಾಲೀಕರು ಬಿಸಿಲಲ್ಲಿ ನಿಲ್ಲುವುದು ಬೇಡವೆಂದು ಬುಕಿಂಗ್ ಕೌಂಟರಿನಲ್ಲಿ ಕೂರಿಸಿದರು. ಬಾವ ಮಾತ್ರ ತಿಂಗಳಿಗೊಮ್ಮೆ ನನಗೆ ಫೋನು ಮಾಡಿ, ಇದು ಹೀಗೇ ಇರುತ್ತದೋ ಎಂದು ಕೇಳುತ್ತಿದ್ದರು. ಎಷ್ಟು ವರ್ಷವೆಂದು ಹೇಳಲಾಗದು, ಈಗ ಇದೆ ಎನ್ನುತ್ತಿದ್ದೆ.

ಮರುವರ್ಷ ಹಿರೇಕೊಡಿಗೆಯಿಂದ ವಯಸ್ಸಾದ ಒಬ್ಬ ಹೆಂಗಸು ಸೊಸೆಯ ಜೊತೆ ಕೊಪ್ಪದ ಕ್ಲಿನಿಕ್ಕಿಗೆ ಬಂದರು. ಇವರಿಗೂ ಅದೇ ನೋವು, ಎಡಗೆನ್ನೆಯಲ್ಲಿ. ಮಾತ್ರೆ ಅವರಿಗೆ ಮೈಯೆಲ್ಲ ಕೆಂಪು ಗುಳ್ಳೆ ಎಬ್ಬಿಸಿ ನಿಂತುಹೋಗಿತ್ತು. ಆಪರೇಷನ್ ಬೇಡವೆಂದು ಡಾಕ್ಟರುಗಳೇ ಹೇಳಿದ್ದರು. ಬೆಂಗಳೂರಿನ ವಿಷಯ ತೆಗೆದರೆ, ತಲೆಗೆ ಸ್ಕ್ರೂ ಹಾಕುತ್ತಾರಂತೆ ಎಂದು ಕೈಮುಗಿದು ಬೇಡವೆಂದರು. ನಾನು ಎಷ್ಟು ಹೇಳಿದರೂ ಅದು ಡಾಕ್ಟರ ಮಾತು. ಕೌಂಟರಿಗೆ ಫೋನು ಮಾಡಿ ಸಾಹೇಬರನ್ನು ಬರಲು ಹೇಳಿದೆ.

ಅವರು ಬಂದು ಎದುರಿನ ಸ್ಟೂಲಿನಲ್ಲಿ ಕೂತರು. ಆ ಹೆಂಗಸಿನ ಮುಖವನ್ನು ಒಮ್ಮೆ ನೋಡಿದರು, ಎದ್ದು ಹೋಗಿ ಫ್ಯಾನ್ ಆರಿಸಿ ಬಂದು ಮತ್ತೆ ಕೂತರು. ಸ್ಕ್ರೂ ಹಾಕುವಾಗ ಒತ್ತಿದ ಹಾಗೆ ಆಗ್ತದೆ, ಅದು ನಮ್ಮ ನೋವಿನ ಮುಂದೆ ಎಂತದೂ ಅಲ್ಲ ಎಂದರು. ಯಂತ್ರದೊಳಗೆ ಏನೂ ತಿಳಿಯುವುದಿಲ್ಲ ಎಂದರು. ಬಂದ ಮೇಲೆ ಕೂಡಲೇ ಹೋಗುವುದಿಲ್ಲ, ಆ ದಿನಗಳು ಬಹಳ ಕಷ್ಟ, ಮನೆಯವರು ಹತ್ತಿರ ಇರಬೇಕು ಎಂದು ಸೊಸೆಗೆ ಹೇಳಿದರು. ಹೊರಗೆ ಇಬ್ಬರು ರೋಗಿಗಳು ಕಾಯುತ್ತಿದ್ದರು. ಅವರು ಹೇಳುತ್ತ ಹೋದರು, ನಾನು ತಡೆಯಲಿಲ್ಲ.

ಆ ಹೆಂಗಸು ಸೆರಗಿನ ಮರೆಯಿಂದ ಮೆಲ್ಲಗೆ ಕೇಳಿದರು: "ಈಗ ಮುಖ ತೊಳೀವಾಗ ಎಂತ ಆಗ್ತದೆ?"

ಸಾಹೇಬರು ಅಂಗೈಯಲ್ಲಿ ಬಲಗೆನ್ನೆ ಸವರಿಕೊಂಡರು. "ಎಂತ ಇಲ್ಲ ಅಮ್ಮ. ನೀರು ತಣ್ಣಗಿದ್ರೆ ತಣ್ಣಗಿದೆ ಅಂತ ಗೊತ್ತಾಗ್ತದೆ. ಅಷ್ಟೇ."

ಅವರು ಸಾಹೇಬರ ಕೆನ್ನೆಯನ್ನೇ ನೋಡುತ್ತ ಕೂತರು. ಆಮೇಲೆ ಸೊಸೆಯ ಕಡೆ ತಿರುಗಿ, ಬೆಂಗಳೂರಿಗೆ ಬಸ್ಸು ಎ‌ಷ್ಟು ಹೊತ್ತಿಗೆ ಎಂದು ಕೇಳಿದರು. ಸೊಸೆ ಬಾಯಿ ತೆರೆಯುವ ಮೊದಲೇ ಸಾಹೇಬರು ಶುರು ಮಾಡಿಯಾಗಿತ್ತು: ಯಾವ ಬಸ್ಸು, ಎಲ್ಲಿ ಹತ್ತಬೇಕು, ಎಡಗೆನ್ನೆಗೆ ಗಾಳಿ ತಾಗದ ಸೀಟು ಯಾವುದು.